ಕಣ್ಣು ಮುಚ್ಚಿ ಎತ್ತಿದ ಹಳದಿ ಕಾರ್ಡು

ಸರಿಯಾಗಿ ಬೆಳಕು ಹರಿಯುವ ಮೊದಲೇ ತೀರ್ಥಪ್ರಸಾದ್ ಮೇಷ್ಟ್ರು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಪಕ್ಕದಲ್ಲಿ ರಟ್ಟಿನ ಕಾರ್ಡುಗಳ ರಾಶಿ. ಕೆಂಪು, ಹಳದಿ, ಹಸಿರು. ಎಲ್ಲವೂ ಹಳೆಯ ಮದುವೆ ಕಾಗದಗಳ ಬೆನ್ನಿಗೆ ಬಣ್ಣ ಬಳಿದು ಮಾಡಿದವು. ಭಾಗಮಂಡಲದ ಕಡೆಯ ಮಳೆಗಾಲದ ಥಂಡಿಗೆ ರಟ್ಟು ನೆನೆದು, ಎತ್ತಿ ಹಿಡಿದರೆ ತಲೆ ಬಾಗಿಸುತ್ತದೆ. ಹಾಗಾಗಿ ಶಾಲೆಗೆ ಹೊರಡುವ ಮೊದಲು ಅವನ್ನು ಒಂದೊಂದಾಗಿ ಬೆಂಕಿಗೆ ಹಿಡಿದು ಗರಿಗರಿ ಮಾಡುವುದು ಅವರ ನಿತ್ಯದ ಕೆಲಸ.

"ಬೇರೆಯವರ ಮನೇಲಿ ಹಪ್ಪಳ ಕಾಯಿಸ್ತಾರೆ, ನಮ್ಮಲ್ಲಿ ಫಿಸಿಕ್ಸ್ ಕಾಯಿಸ್ತಾರೆ" ಎನ್ನುತ್ತಾ ಅವರ ಪತ್ನಿ ಕಮಲ ನನ್ನ ಕೈಗೆ ಕಾಫಿ ಕೊಡುತ್ತಾರೆ. ಮೇಷ್ಟ್ರು ನಗುವುದಿಲ್ಲ. "ಪೇಪರಿನವರು ಬಂದಿದ್ದಾರೆ, ಒಂಚೂರು ಮುಖ ಅರಳಿಸಿ ಮಾರಾಯ್ರೆ. ನಿನ್ನೆ ಊಟವೂ ಸರಿ ಮಾಡ್ಲಿಲ್ಲ ಇವರು." ಮೇಷ್ಟ್ರು ತಲೆ ಎತ್ತದೆ ಇನ್ನೊಂದು ಕಾರ್ಡು ತಿರುವಿ ಹಾಕುತ್ತಾರೆ. ನಾಚಿಕೆ ಸ್ವಭಾವದ ಮನುಷ್ಯ ಎಂದುಕೊಂಡು ನಾನು ಕಾಫಿ ಕುಡಿಯುತ್ತೇನೆ. ನಾಚಿಕೆ ಎಂಬುದೇನೋ ಸರಿ. ಯಾವುದಕ್ಕೆ ಎಂಬುದು ಆಮೇಲೆ ಗೊತ್ತಾಗುತ್ತದೆ.

ಮೇಷ್ಟ್ರು ಇಲ್ಲೇ ಹತ್ತಿರದ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಾರೆ. ಅಪ್ಪ ಬೊಳ್ಳಪ್ಪ ಗದ್ದೆ ಕೆಲಸದವರು. ಮಗನೂ ಓದಿದ್ದು ಇದೇ ಶಾಲೆಯಲ್ಲಿ. ಆ ಕಾಲಕ್ಕೆ 'ಗೊತ್ತಿಲ್ಲ' ಎಂದವರಿಗೆ ಬೆಂಚಿನ ಮೇಲೆ ನಿಲ್ಲುವ ಶಿಕ್ಷೆ. "ಬೆಂಚು ಹತ್ತಿದವರಿಗೆ ಪಾಠ ಕಾಣ್ತಿರಲಿಲ್ಲ, ಕಿಟಕಿಯಾಚೆ ದಾರೀಲಿ ಹೋಗುವವರು ಕಾಣ್ತಿದ್ರು. ಅವರಿಗೂ ನಾವು ಕಾಣ್ತಿದ್ವಿ, ಅದೇ ಕಷ್ಟ" ಎನ್ನುತ್ತಾರೆ.

ತಾವೇ ಮೇಷ್ಟ್ರಾದ ಮೇಲೆ ಬೆಂಚು ಹತ್ತಿಸಲಿಲ್ಲ. ಆದರೂ ಮೊದಮೊದಲು ಎಡವಿದರು. ಪಾಠ ಮುಗಿಸಿ "ಅರ್ಥ ಆಯ್ತಾ?" ಎಂದರೆ ಇಡೀ ತರಗತಿ "ಆಯ್ತು ಸಾರ್!" ಎಂದು ರಾಗ ಎಳೆಯುತ್ತಿತ್ತು. ಪರೀಕ್ಷೆಯ ಪೇಪರು ತೆರೆದರೆ ಮಣ್ಣಂಗಟ್ಟಿ. "ಸುಳ್ಳಲ್ಲ ಅದು, ಮರ್ಯಾದೆ. ಗಂಟಲು ಹರ್ಕೊಂಡು ಹೇಳಿದವರಿಗೆ ಆಗ್ಲಿಲ್ಲ ಅನ್ನೋದು ಹೇಗೆ ಅಂತ. ನೆಂಟರ ಮನೇಲಿ ಹೊಟ್ಟೆ ತುಂಬಿತು ಅಂತೇವಲ್ಲ, ಹಾಗೆ."

ಕಾರ್ಡು ಹುಟ್ಟಿದ್ದು ಮಳೆಯಿಂದ. ಶಾಲೆಯದು ಶೀಟಿನ ಛಾವಣಿ. ಜೋರು ಮಳೆ ಹಿಡಿದರೆ ಮೇಷ್ಟ್ರ ಬಾಯಿ ಆಡುವುದು ಕಾಣುತ್ತದೆ, ಮಾತು ಕೇಳುವುದಿಲ್ಲ. ಅಂಥ ಒಂದು ದಿನ ಬೋರ್ಡಿನಲ್ಲಿ ಪ್ರಶ್ನೆ ಬರೆದು, ಮೂರು ಉತ್ತರಕ್ಕೆ ಮೂರು ಬಣ್ಣದ ಕಾರ್ಡು ಹಂಚಿ, ಎತ್ತಿ ತೋರಿಸಿ ಎಂದು ಸನ್ನೆ ಮಾಡಿದರು. ಮಕ್ಕಳು ಮೊದಲು ಪಕ್ಕದವರ ಕಾರ್ಡು ನೋಡಿದರು, ಆಮೇಲೆ ತಮ್ಮದನ್ನು ಎತ್ತಿದರು. ಮರುದಿನದಿಂದ ಹೊಸ ನಿಯಮ ಬಂತು: ಬಣ್ಣ ಆರಿಸಿಕೊಂಡು, ಕಣ್ಣು ಮುಚ್ಚಿ ಎತ್ತಬೇಕು. ಯಾರು ಯಾವ ಬಣ್ಣ ಎತ್ತಿದರೆಂಬುದು ಮೇಷ್ಟ್ರ ಕಣ್ಣಿಗೆ ಮಾತ್ರ. ಅಂಕ ಇಲ್ಲ, ಬೈಗುಳ ಇಲ್ಲ. ತಪ್ಪು ಬಣ್ಣ ಹೆಚ್ಚು ಕಂಡರೆ ಆ ದಿನ ಪಾಠ ಮುಂದೆ ಹೋಗುವುದಿಲ್ಲ, ಅಷ್ಟೆ. ಇಲಾಖೆಯ ಭಾಷೆಯಲ್ಲಿ ಇದಕ್ಕೆ ರೂಪಣಾತ್ಮಕ ಮೌಲ್ಯಮಾಪನ ಎಂಬ ಭಾರೀ ಹೆಸರಿದೆ. ಮಕ್ಕಳ ಬಾಯಲ್ಲಿ ಅದು 'ಕಾರ್ಡ್ ಎತ್ತೋದು'.

ಮುಂದೆ ಹೋಗದ ಪಾಠವೇ ಈಗ ಅವರಿಗೆ ಮುಳ್ಳಾಗಿದೆ. ಪಕ್ಕದ ಊರಿನ ಶಾಲೆಯಲ್ಲಿ ಪೋರ್ಷನ್ ಮುಗಿಯುತ್ತಾ ಬಂದಿದೆ, ಇಲ್ಲಿ ಇನ್ನೂ ಬಲ ಮತ್ತು ಚಲನೆಯಲ್ಲೇ ಹೊರಳಾಟ. ಕಳೆದ ಪೋಷಕರ ಸಭೆಯಲ್ಲಿ ದೇರಪ್ಪ ಎಂಬವರು ಎದ್ದು ನಿಂತು, "ಬಣ್ಣದ ಆಟಕ್ಕೆ ಅಂಗನವಾಡಿ ಉಂಟಲ್ಲ, ಇದು ಹೈಸ್ಕೂಲು" ಎಂದುಬಿಟ್ಟರು. ಸಭೆ ನಕ್ಕಿತು. ಮುಖ್ಯೋಪಾಧ್ಯಾಯಿನಿ ಅನ್ನಪೂರ್ಣೇಶ್ವರಿಯವರು ಉಪಾಯವಾಗಿ, "ಪೇಪರಿನವರು ನೋಡ್ಲಿಕ್ಕೆ ಬರ್ತಿದ್ದಾರೆ. ಅವರು ಬಂದು ಹೋಗಲಿ, ಆಮೇಲೆ ತೀರ್ಮಾನ ಮಾಡುವ" ಎಂದು ಮುಂದೂಡಿದರು. ಅಂದರೆ ಕಾರ್ಡು ಉಳಿಯುವುದು, ಒಲೆ ಸೇರುವುದು ನನ್ನ ಭೇಟಿಯ ಮೇಲೆ ನಿಂತಿದೆ! ಇದು ನನಗೆ ಗೊತ್ತಾಗುವುದು ಶಾಲೆಯ ಗೇಟಿನಲ್ಲಿ, ಮೇಡಂ ಬಾಯಿಂದ. ಮೇಷ್ಟ್ರು ಚಕಾರ ಎತ್ತಿಲ್ಲ.

ಒಂಬತ್ತನೇ ತರಗತಿ. ಇವತ್ತು ಜಿಟಿಜಿಟಿ ಮಳೆ ಮಾತ್ರ, ಮಾತು ಕೇಳುತ್ತದೆ. ಮೇಷ್ಟ್ರು ಜೇಬಿನಿಂದ ನಿಂಬೆಹಣ್ಣು ತೆಗೆದು ಮೇಲಕ್ಕೆ ಎಸೆದು ಹಿಡಿಯುತ್ತಾರೆ. "ಗಾಳಿಯ ಲೆಕ್ಕ ಬಿಡಿ. ಕೈ ಬಿಟ್ಟ ಮೇಲೆ, ಹಣ್ಣು ಏರ್ತಾ ಇರುವಾಗ, ಅದರ ಮೇಲೆ ಯಾವ ಬಲ ಉಂಟು? ಮೇಲಕ್ಕೆ ದಬ್ಬುವುದು ಮಾತ್ರ ಅಂದ್ರೆ ಕೆಂಪು. ಮೇಲಕ್ಕೆ ದಬ್ಬುವುದು, ಕೆಳಕ್ಕೆ ಎಳೆಯುವುದು ಎರಡೂ ಅಂದ್ರೆ ಹಳದಿ. ಕೆಳಕ್ಕೆ ಎಳೆಯುವುದು ಮಾತ್ರ ಅಂದ್ರೆ ಹಸಿರು. ಕಣ್ಣು ಮುಚ್ಚಿ. ಎತ್ತಿ."

ಅಬ್ಬಾ! ತರಗತಿ ಗದ್ದೆಯ ಹಾಗೆ ಹಸಿರಾಗುತ್ತದೆ. ನಾನು ಫೋಟೊ ತೆಗೆಯುತ್ತೇನೆ. ಬಾಗಿಲಲ್ಲಿ ನಿಂತ ಮೇಡಂ ಮುಖ ಅರಳುತ್ತದೆ. ಮೇಷ್ಟ್ರು ಮಾತ್ರ "ಇಳಿಸಿ, ಇಳಿಸಿ" ಎಂದು ಅವಸರ ಮಾಡುತ್ತಾರೆ.

"ಎಲ್ಲರದ್ದೂ ಸರಿ! ಶಭಾಷ್" ಎಂದು ನಾನು ದೊಡ್ಡ ಗಂಟಲಲ್ಲಿ ಹೇಳುತ್ತೇನೆ.

ಕಿಟಕಿ ಪಕ್ಕದ ಹುಡುಗಿಯೊಬ್ಬಳು ಎದ್ದು ನಿಲ್ಲುತ್ತಾಳೆ. ಹೆಸರು ಅಶ್ವಿತಾ. "ಎಲ್ಲರದ್ದೂ ಅಲ್ಲ ಸಾರ್. ನಂದು ಹಳದಿ."

ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಉಳಿದ ಮಕ್ಕಳ ಕಣ್ಣು ಮುಚ್ಚಿತ್ತು. ಸುಮ್ಮನೆ ಕೂತಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಿಂದಿನ ಬೆಂಚಿನಿಂದ ಪವಿತ್ರಾ ಎಂಬ ಹುಡುಗಿ ಅವಳ ಲಂಗ ಎಳೆದು, "ಏ, ನಿನ್ನೆ ಸಾರ್ ಹಸಿರು ಅಂತ ಹೇಳ್ಲಿಲ್ವಾ? ಸಾರ್ ಮರ್ಯಾದೆ ತೆಗೀತೀಯಲ್ಲ" ಎಂದು ಪಿಸುಗುಟ್ಟುತ್ತಾಳೆ. ಜಿಟಿಜಿಟಿ ಮಳೆಗೆ ಪಿಸುಮಾತು ಮುಚ್ಚುವ ಶಕ್ತಿ ಇಲ್ಲ. ಎಲ್ಲರಿಗೂ ಕೇಳುತ್ತದೆ.

ಅಶ್ವಿತಾಳ ಕಣ್ಣಲ್ಲಿ ನೀರು. ಮೇಷ್ಟ್ರನ್ನೇ ನೋಡಿ ಹೇಳುತ್ತಾಳೆ, "ಹೇಳಿದ್ದು ಗೊತ್ತುಂಟು ಸಾರ್. ಆದ್ರೆ ನಂಗೆ ಅರ್ಥ ಆಗ್ಲಿಲ್ಲ. ಅರ್ಥ ಆಗದ ಬಣ್ಣ ಎತ್ತಬಾರದು ಅಂತ ನೀವೇ ಅಲ್ವಾ ಹೇಳಿದ್ದು?"

ಮೇಷ್ಟ್ರು ಬೋರ್ಡಿನ ಕಡೆ ತಿರುಗುತ್ತಾರೆ. ಅಲ್ಲಿ ಬರೆಯಲಿಕ್ಕೆ ಏನೂ ಇಲ್ಲ. ಕಿವಿಯ ತುದಿ ಕೆಂಪಾಗಿದೆ. ಬಾಗಿಲಲ್ಲಿದ್ದ ಮೇಡಂ ನೆಲ ನೋಡುತ್ತಾರೆ. ನನಗೂ ಎಲ್ಲಿ ನೋಡಬೇಕೆಂದು ತಿಳಿಯದೆ ಕ್ಯಾಮೆರಾದ ಮುಚ್ಚಳ ಹುಡುಕುತ್ತೇನೆ. ಶಭಾಷ್ ಎಂದು ಕೂಗಿದ ನನ್ನ ಗಂಟಲು ನನಗೇ ಅಸಹ್ಯ ಅನಿಸುತ್ತದೆ.

ಮೇಷ್ಟ್ರು ಮತ್ತೆ ಈ ಕಡೆ ತಿರುಗುತ್ತಾರೆ. ಮಾತು ಮಕ್ಕಳಿಗೆ, ನನಗಲ್ಲ. "ಅವಳು ಹೇಳಿದ್ದು ಸರಿ. ನಿನ್ನೆ ಸಂಜೆ ಇದೇ ಪ್ರಶ್ನೆ ಕೇಳಿ, ನಾಳೆ ಎಲ್ಲರೂ ಹಸಿರು ಎತ್ತಿ ಅಂದವನು ನಾನೇ. ಪೇಪರಿನವರ ಮುಂದೆ ಮಾನ ಹೋಗ್ತದೆ ಅಂತ ಹೆದರಿದೆ. ಇಷ್ಟು ವರ್ಷ ಗೊತ್ತಿಲ್ಲ ಅಂದ್ರೆ ಮಾನ ಹೋಗೋದಿಲ್ಲ ಅಂತ ನಿಮಗೆ ಹೇಳ್ಕೊಂಡು ಬಂದವನು. ನಾಚಿಕೆ ಆಗ್ತದೆ ಮಕ್ಕಳೇ, ತುಂಬಾ ನಾಚಿಕೆ ಆಗ್ತದೆ."

ಪವಿತ್ರಾ ಲಂಗದಿಂದ ಕೈ ತೆಗೆದಿದ್ದಾಳೆ. ಮೇಷ್ಟ್ರು ಕೇಳುತ್ತಾರೆ, "ಪವಿತ್ರಾ, ಹಸಿರು ಯಾಕೆ?" ಅವಳು ತಲೆ ತಗ್ಗಿಸುತ್ತಾಳೆ. ಇನ್ನೂ ಕೆಲವರನ್ನು ಕೇಳಿದರೂ ಅದೇ. ಸರಿಯುತ್ತರ ತರಗತಿಯ ತುಂಬ ಇದೆ, ಯಾಕೆಂದು ಒಬ್ಬರಿಗೂ ಗೊತ್ತಿಲ್ಲ.

"ಅಶ್ವಿತಾ, ನೀನು ಹೇಳು. ಹಳದಿ ಯಾಕೆ?"

"ಏರ್ತಾ ಉಂಟಲ್ಲ ಸಾರ್. ಯಾರೂ ದಬ್ಬದೆ ಹೇಗೆ ಏರ್ತದೆ?"

"ಹಾಂ!" ಮೇಷ್ಟ್ರ ಗಂಟಲಿಗೆ ಜೀವ ಬರುತ್ತದೆ. "ಮಡಿಕೇರಿ ಬಸ್ಸಲ್ಲಿ ನಿಂತ್ಕೊಂಡು ಬರ್ತಿದ್ದೀಯ. ಚೇರಂಬಾಣೆ ಹತ್ತಿರ ಡ್ರೈವರ್ ಬ್ರೇಕ್ ಹಾಕ್ತಾನೆ. ಏನಾಗ್ತದೆ?"

"ಮುಂದೆ ಹೋಗಿ ಬೀಳ್ತೇನೆ."

"ಹಿಂದಿನಿಂದ ಯಾರು ದಬ್ಬಿದ್ರು?"

ಅವಳು ಯೋಚಿಸುತ್ತಾಳೆ. ಇಡೀ ತರಗತಿ ಅವಳ ಜೊತೆ ಯೋಚಿಸುತ್ತದೆ. "ಯಾರೂ ಇಲ್ಲ. ಬಸ್ಸಿನ ಜೊತೆ ಹೋಗ್ತಾ ಇದ್ದವಳು, ಹಾಗೇ ಹೋದೆ. ಕಂಬಿ ಹಿಡ್ಕೊಂಡ್ರೆ ನಿಲ್ತೇನೆ."

"ಹೋಗ್ತಾ ಇರೋದಕ್ಕೆ ದಬ್ಬುವವರು ಬೇಡ, ನಿಲ್ಲಿಸ್ಲಿಕ್ಕೆ ಬೇಕು. ನಿಂಬೆಹಣ್ಣನ್ನು ನಿಲ್ಲಿಸುವವರು ಯಾರು?"

"ಭೂಮಿ" ಎಂದು ಹೇಳುವುದು ಪವಿತ್ರಾ. ತಾನೇ ಬೆಚ್ಚಿ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ.

ಮೇಷ್ಟ್ರು ಹೊಸ ಪ್ರಶ್ನೆ ಹಾಕುತ್ತಾರೆ. ತುತ್ತತುದಿಯಲ್ಲಿ ಹಣ್ಣು ಒಂದು ಕ್ಷಣ ನಿಂತಾಗ ಅದರ ಮೇಲಿನ ಬಲ ಮೇಲಕ್ಕೋ, ಕೆಳಕ್ಕೋ, ಅಥವಾ ಬಲವೇ ಇಲ್ಲವೋ? ಇದನ್ನು ಯಾರಿಗೂ ಮೊದಲೇ ಹೇಳಿಕೊಟ್ಟಿಲ್ಲ. ಕಣ್ಣು ಮುಚ್ಚುತ್ತವೆ, ಕಾರ್ಡುಗಳು ಏಳುತ್ತವೆ. ಹಸಿರು, ಹಳದಿ, ಕೆಂಪು, ಸಂತೆಯ ಹಾಗೆ ಎಲ್ಲ ಬಣ್ಣ. ಈ ಸಲ ಫೋಟೊ ತೆಗೆಯುವ ಮೊದಲು ನಾನು ಮೇಷ್ಟ್ರ ಮುಖ ನೋಡುತ್ತೇನೆ. ಮಕ್ಕಳ ಮುಖ ಕಾಣದ ಹಾಗೆ ಹಿಂದಿನಿಂದ ತೆಗೆಯಿರಿ ಎಂದು ಅವರು ಕೈ ಮಾಡುತ್ತಾರೆ. ಅಶ್ವಿತಾಳ ಕೈಯಲ್ಲಿದ್ದ ಬಣ್ಣ ಯಾವುದೆಂದು ಬರೆಯುವುದಿಲ್ಲ. ಅದು ಮೇಷ್ಟ್ರ ಕಣ್ಣಿಗೆ ಮಾತ್ರ ಎಂದು ನಿಯಮ.

ಸ್ಟಾಫ್ ರೂಮಿನಲ್ಲಿ ಅನ್ನಪೂರ್ಣೇಶ್ವರಿಯವರು ಸಣ್ಣ ದನಿಯಲ್ಲಿ ಕೇಳುತ್ತಾರೆ, "ಇದನ್ನೂ ಬರೀತೀರಾ? ದೇರಪ್ಪನವರು ಓದಿದ್ರೆ ಮುಗೀತು." ನಾನು ಮೇಷ್ಟ್ರ ಕಡೆ ನೋಡುತ್ತೇನೆ. "ಬರೀರಿ" ಎನ್ನುತ್ತಾರೆ. "ಬರೀದಿದ್ರೆ ನಿನ್ನೆ ಮಾಡಿದ್ದನ್ನೇ ಇನ್ನೊಂದು ಸಲ ಮಾಡಿದ ಹಾಗೆ." ಮುಂದಿನ ಸಭೆ ಏನು ತೀರ್ಮಾನ ಮಾಡುತ್ತದೋ ಯಾರಿಗೂ ಗೊತ್ತಿಲ್ಲ. ಕಾರ್ಡು ನಿಲ್ಲಿಸಿ ಎಂದರೆ ನಿಲ್ಲಿಸಬೇಕಾಗುತ್ತದೆ ಎಂದು ಮೇಷ್ಟ್ರೇ ಒಪ್ಪುತ್ತಾರೆ.

ಸಂಜೆ ಬಸ್ಸಿನ ತನಕ ಮೇಷ್ಟ್ರು ಕೊಡೆ ಹಿಡಿದು ಬರುತ್ತಾರೆ. ಚೀಲದಲ್ಲಿರುವ ಕಾರ್ಡುಗಳು ಮತ್ತೆ ಮೆತ್ತಗಾಗಿವೆ. ಬೆಳಗಿನ ನಾಚಿಕೆ ಮುಖದಿಂದ ಇನ್ನೂ ಇಳಿದಿಲ್ಲ. ಬಸ್ಸು ಬಂದು ನಿಂತು, ನಾನು ಮೆಟ್ಟಿಲ ಮೇಲೆ ಕಾಲಿಟ್ಟ ಮೇಲೆ ಅವರು ಒಂದೇ ಒಂದು ಬೇಡಿಕೆ ಇಡುತ್ತಾರೆ.

"ಫೋಟೊ ಹಾಕೋದಾದ್ರೆ ಹಸಿರಿಂದು ಬೇಡ ಸಾರ್. ಎರಡನೇ ಸಲದ್ದು ಹಾಕಿ. ತಪ್ಪು ತುಂಬಾ ಉಂಟು ಅದರಲ್ಲಿ. ಒಂದೂ ನಾನು ಹೇಳಿಕೊಟ್ಟದ್ದಲ್ಲ."