ಒಡೀಲಿಯಾಳ ಮೂಗು

ಓರ್ಲೆಂಡ್ ಸುತ್ತಮುತ್ತ ಜೇನು ಸಾಕುವವರಲ್ಲಿ ಒಡೀಲಿಯಾಳ ಮೂಗಿನ ವಿಷಯ ಗೊತ್ತಿಲ್ಲದವರಿರಲಿಲ್ಲ. ಅಸೋರಿಸ್ ದ್ವೀಪಗಳಿಂದ ಕ್ಯಾಲಿಫೋರ್ನಿಯಾಕ್ಕೆ ಬಂದ ನಮ್ಮ ಜನ ಹಿರಿಯ ಹೆಂಗಸರನ್ನು ತೀಯಾ, ಅಂದರೆ ಅತ್ತೆ ಎನ್ನುತ್ತಾರೆ. ನನಗೂ ಆಕೆ ತೀಯಾ ಆಗಿದ್ದಳು. ಆಕೆ, ಗಂಡ ಸೇರಿ ಜೇನುಹುಳಕ್ಕೆ ಮೇವು ಮಾಡುತ್ತಿದ್ದ ಶೆಡ್ಡಿನಲ್ಲಿ ನಾನು ಹದಿನಾಲ್ಕು ವರ್ಷ ದುಡಿದೆ.

ಗಂಡ ಲೀನೋ ಮೊದಲು ದನದ ಮೇವು ಕಲಸುವ ಗಿರಣಿಯಲ್ಲಿದ್ದ. ಒಡೀಲಿಯಾ ಹಿತ್ತಲಲ್ಲಿ ಮೂವತ್ತು ಜೇನುಪೆಟ್ಟಿಗೆ ಇಟ್ಟುಕೊಂಡಿದ್ದಳು. ಒಂದು ವರ್ಷ ಮಳೆಯೇ ಬೀಳದೆ ಬೇಸಿಗೆಯ ಕೊನೆಗೆ ಎಲ್ಲೂ ಒಂದು ಹೂವಿರಲಿಲ್ಲ. ಪರಾಗ ಸಿಗದ ಹುಳಗಳು ತಮ್ಮ ಮರಿಗಳನ್ನೇ ತಿನ್ನತೊಡಗಿದವು. ಬರಿದಾದ ಜೇನೆರಿಯನ್ನು ಒಡೀಲಿಯಾ ಅಡುಗೆಮನೆಗೇ ತಂದು ಗಂಡನ ಮುಂದಿಟ್ಟಳು.

"ಊರ ದನಕ್ಕೆಲ್ಲ ಮೇವು ಕಲಸ್ತೀಯ. ಇವಕ್ಕೆ ಹೊಟ್ಟೆ ಇಲ್ವಾ?"

ಅಲ್ಲಿಂದ ಮೂರು ವರ್ಷ ಅವರ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಸೋಯಾ ಹಿಟ್ಟು, ಯೀಸ್ಟು, ಮೊಟ್ಟೆಪುಡಿ, ಸಕ್ಕರೆ ಪಾಕ ಕಲಸಿ, ಎರಡು ಮೇಣದ ಹಾಳೆಗಳ ನಡುವೆ ರೊಟ್ಟಿಯಂತೆ ಒತ್ತಿ ಪೆಟ್ಟಿಗೆಯೊಳಗೆ ಇಡುತ್ತಿದ್ದರು. ಮೊದಲ ಸಲ ಹುಳಗಳು ಅದನ್ನು ಚೂರುಚೂರಾಗಿ ಹೊತ್ತು ಹೊರಗೆ ಎಸೆದವು. ಆಮೇಲಿನದು ಕಲ್ಲಾಯಿತು. ಅದರ ನಂತರದ್ದಕ್ಕೆ ಬೂಷ್ಟು ಹಿಡಿಯಿತು. ಲೀನೋ ಅಳತೆ ಬದಲಿಸುತ್ತಾ ಹೋದ, ಒಡೀಲಿಯಾ ಮೂಸುತ್ತಾ ಹೋದಳು. "ಇದನ್ನ ತಿಂತಾವೆ" ಎಂದು ಅವಳು ಹೇಳಿದ್ದನ್ನು ಹುಳಗಳು ತಿಂದವು. ಚಳಿಗಾಲ ಕಳೆದು ನೋಡಿದರೆ ಪೆಟ್ಟಿಗೆ ತುಂಬ ಹುಳ.

ಮಾಡುವುದಕ್ಕಿಂತ ಮಾರುವುದೇ ಕಷ್ಟವಾಯಿತು. ಸಾಕಣೆದಾರರ ಸಭೆಗಳಿಗೆ ಹೋಗಿ, ಪಿಕಪ್ಪಿನ ಹಿಂಬಾಗಿಲು ಇಳಿಸಿ, ಒಡೀಲಿಯಾ ರೊಟ್ಟಿಯ ಒಂದು ಚೂರು ಮುರಿದು ತಾನೇ ತಿಂದು ತೋರಿಸುತ್ತಿದ್ದಳು. ಜನ ನಕ್ಕು ಮುಂದೆ ಹೋಗುತ್ತಿದ್ದರು. ನಿಂತವನು ಎವರೆಟ್ ಲಿಂಡ್‌ಕ್ವಿಸ್ಟ್ ಒಬ್ಬನೇ. ಎಂಟುನೂರು ಪೆಟ್ಟಿಗೆಯ ಯಜಮಾನ, ಹೆಂಡತಿಯನ್ನು ಕಳೆದುಕೊಂಡ ಉದ್ದನೆಯ ಮನುಷ್ಯ. ತಾನೂ ಒಂದು ಚೂರು ಬಾಯಿಗೆ ಹಾಕಿಕೊಂಡ.

"ಉಪ್ಪು ಕಮ್ಮಿ ಆಯ್ತು" ಎಂದ. "ಆದ್ರೂ ನಾನು ಮಾಡ್ಕೊಳ್ಳೋ ಅಡುಗೆಗಿಂತ ವಾಸಿ. ಐವತ್ತು ಪೆಟ್ಟಿಗೆಗೆ ಕೊಡಿ, ನೋಡೋಣ."

ಮರುವರ್ಷ ಎಂಟುನೂರಕ್ಕೂ ಕೊಂಡ. ಫೆಬ್ರವರಿಯಲ್ಲಿ ಬಾದಾಮಿ ತೋಟಗಳ ಹೂವಿಗೆ ಅವನ ಹುಳ ದಂಡುದಂಡಾಗಿ ಇಳಿದದ್ದನ್ನು ಕಂಡವರೆಲ್ಲ ನಮ್ಮ ಶೆಡ್ಡಿನ ದಾರಿ ಹಿಡಿದರು. ಶೆಡ್ಡು ದೊಡ್ಡದಾಯಿತು, ಯಂತ್ರ ಬಂತು. ಆದರೆ ಪ್ರತಿ ಕಲಸಿನ ಒಂದು ಹಿಡಿ ಒಡೀಲಿಯಾಳ ಮೂಗಿನ ಹತ್ತಿರ ಹೋಗದೆ ಚೀಲ ಕಟ್ಟುವ ಹಾಗಿರಲಿಲ್ಲ. ಲೀನೋನ ಮೂಗು ಸಿಗರೇಟಿಗೆ ಬಲಿಯಾಗಿ ಎಷ್ಟೋ ಕಾಲವಾಗಿತ್ತು. ವರ್ಷದ ಮೊದಲ ಕಲಸು ಯಾವಾಗಲೂ ಎವರೆಟ್‌ಗೆ.

ಒಂದು ಜುಲೈಯಲ್ಲಿ ಒಡೀಲಿಯಾ ಜ್ವರ ಬಂದು ಹತ್ತು ದಿನ ಮಲಗಿದಳು. ಎದ್ದಳು, ಮೊದಲಿನಂತೆ ಶೆಡ್ಡಿಗೆ ಬಂದಳು. ಆಗಸ್ಟಿನಲ್ಲಿ ನಾನು ತಂಗಿಯ ಹೆರಿಗೆಗೆಂದು ಊರಲ್ಲಿರಲಿಲ್ಲ. ಆ ವಾರವೇ ಪಾಕದ ತೊಟ್ಟಿಯ ಬಿಸಿ ಹಿಡಿತ ತಪ್ಪಿ ಎರಡು ದಿನ ಹಾಗೇ ಕಾದಿದೆ. ಅತಿಯಾಗಿ ಕಾದ ಪಾಕ ಜೇನುಹುಳಕ್ಕೆ ವಿಷ. ಲೀನೋ ಎಂದಿನಂತೆ ಒಂದು ಹಿಡಿ ತಂದು ಕೇಳಿದ್ದಾನೆ. ಒಡೀಲಿಯಾ "ಸರಿ ಇದೆ" ಅಂದಿದ್ದಾಳೆ.

ಜನವರಿಯಲ್ಲಿ ಎವರೆಟ್ ಬಂದ. ಪೆಟ್ಟಿಗೆಗಳ ಮುಂದೆಲ್ಲ ಹುಳ ಭೇದಿಯಾಗಿ ಕಂದು ಗೆರೆಗಳು, ಒಳಗೆ ಮುಷ್ಟಿಯಷ್ಟೂ ಹುಳವಿಲ್ಲ ಎಂದ. "ಹುಳಕ್ಕೆ ಹತ್ತೋ ಉಣ್ಣಿಗೆ ಔಷಧಿ ಹಾಕೋದು ತಡ ಮಾಡ್ದೆ ಅಂತ ಕಾಣುತ್ತೆ. ವಯಸ್ಸಾಯ್ತು, ಕೈ ಮೊದಲಿನ ಹಾಗಿಲ್ಲ" ಎಂದ. ಬದುಕುಳಿದ ಅಷ್ಟಿಷ್ಟು ಹುಳವನ್ನು ಯಾರಿಗೋ ಕೊಟ್ಟುಬಿಟ್ಟಿದ್ದ. ಒಡೀಲಿಯಾ ಅವನಿಗೆ ಸೂಪು ಬಡಿಸಿದಳು. ಅವನು ಅರ್ಧಕ್ಕೇ ಬಿಟ್ಟ.

ಅವನು ಹೋದ ಮೇಲೆ, ಆ ಭೇದಿ ನಮ್ಮ ಮೇವಿನಿಂದಲೇ ಬಂದಿರಬಹುದೇ ಎಂದು ಲೀನೋಗೆ ಮನಸ್ಸು ತಡೆಯಲಿಲ್ಲ. ಪ್ರತಿ ಕಲಸಿನಿಂದಲೂ ಒಂದು ರೊಟ್ಟಿ ಎತ್ತಿಡುವ ರೂಢಿಯಿತ್ತು. ಆಗಸ್ಟಿನದನ್ನು ತೆಗೆಸಿದ. ಹಾಳೆ ಬಿಡಿಸಿದವಳು ನಾನು. ಸೀದ ಸಕ್ಕರೆಯ ವಾಸನೆ ಗಂಟಲಿಗೇ ಹೊಡೆಯಿತು. ನಾನು ಬಾಯಿ ತೆರೆಯುವ ಮೊದಲೇ ಒಡೀಲಿಯಾ ಅದನ್ನು ತೆಗೆದುಕೊಂಡು ಮೂಸಿ, "ಚೆನ್ನಾಗೇ ಇದೆಯಲ್ಲ" ಎಂದಳು.

"ತೀಯಾ" ಎಂದೆ.

ನನ್ನ ಮುಖ ನೋಡಿ ಅವಳಿಗೆ ಎಲ್ಲ ತಿಳಿಯಿತು. ಅಲ್ಲೇ ಚೀಲದ ಮೇಲೆ ಕುಳಿತುಬಿಟ್ಟಳು.

"ಜ್ವರದಿಂದ ಎದ್ದಾಗಿಂದ ಏನೂ ಗೊತ್ತಾಗ್ತಿಲ್ಲ, ಲೀನೋ. ಕಾಫಿನೂ ಇಲ್ಲ, ಸೋಪೂ ಇಲ್ಲ. ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾದೆ."

"ನಂಗೆ ಹೇಳ್ಬಾರ್ದಾಗಿತ್ತೇನೇ?"

"ಹೇಳಿದ್ರೆ ನಾನು ಇಲ್ಲಿ ಯಾತಕ್ಕೆ ಬೇಕು?"

ಆ ಕಲಸು ಪೂರ್ತಿ ಎವರೆಟ್‌ಗೇ ಹೋಗಿತ್ತು. ಅವನಿಗೆ ಅನುಮಾನವೇ ಇರಲಿಲ್ಲ. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮರುದಿನ ಬೆಳಗ್ಗೆ ಒಡೀಲಿಯಾ ಕೋಟು ಹಾಕಿಕೊಂಡಳು. ಲೀನೋ ಕಾರು ಓಡಿಸಿದ. ಅವಳು ಕೇಳಿಕೊಂಡಿದ್ದಕ್ಕೆ ನಾನೂ ಹೋದೆ.

ಒಡೀಲಿಯಾ ಹೇಳಿದ್ದನ್ನು ಎವರೆಟ್ ಬಾಗಿಲಲ್ಲೇ ನಿಂತು ಕೇಳಿಸಿಕೊಂಡ. ಅವಳು ಒಂದನ್ನೂ ಮುಚ್ಚಿಡಲಿಲ್ಲ. ಅವನು ಅಂಗಳದ ಖಾಲಿ ಪೆಟ್ಟಿಗೆಗಳತ್ತ ನೋಡಿದ.

"ಹುಳ ಹೋದ್ರೆ ಹೋಗ್ಲಿ, ಹುಳ ಸಾಯ್ತಾವೆ" ಎಂದ. "ಇಷ್ಟು ದಿನ ನಾನು ನನ್ನ ಕೈಗಳನ್ನೇ ಬೈಕೊಂಡೆ, ಒಡೀಲಿಯಾ. ಐವತ್ತು ವರ್ಷದ ಕೆಲಸ ಮರೆತುಬಿಟ್ನಾ ಅಂತ."

"ಕೊಡಬೇಕಾದ್ದೆಲ್ಲ ಕೊಡ್ತೀವಿ" ಎಂದ ಲೀನೋ.

"ಪೆಟ್ಟಿಗೆ ತುಂಬಿಸ್ತೀರಿ. ನಂಗೆ ಈಗ ಮತ್ತೆ ಮುಚ್ಚಳ ತೆಗೆಯೋ ಮನಸ್ಸು ಎಲ್ಲಿಂದ ತರ್ತೀರಿ?" ಬಾಗಿಲು ಮುಚ್ಚಿದ, ಬಡಿಯಲಿಲ್ಲ, ಮೆಲ್ಲಗೆ ಮುಚ್ಚಿದ.

ವಸಂತದಲ್ಲಿ ಅವನು ಡಕೋಟಾದ ಮಗಳ ಮನೆಗೆ ಹೊರಟುಹೋದ. ಮುಂದಿನ ಸಭೆಯಲ್ಲಿ ಒಡೀಲಿಯಾ ಎಲ್ಲರೆದುರು ಎದ್ದು ನಿಂತು ನಡೆದದ್ದನ್ನು ಹೇಳಿದಳು. ಕೆಲವರು ನಮ್ಮನ್ನು ಬಿಟ್ಟರು, ಬಹಳ ಮಂದಿ ಉಳಿದರು. ಈಗ ಪ್ರತಿ ಕಲಸೂ ಪ್ರಯೋಗಾಲಯಕ್ಕೆ ಹೋಗಿ ಚೀಟಿ ಹೊತ್ತು ಬರುತ್ತದೆ. ಒಡೀಲಿಯಾ ಮೇಣದ ಹಾಳೆ ಕತ್ತರಿಸುವ ಮೇಜಿಗೆ ಕುಳಿತಳು. ವಾಸನೆ ಅವಳಿಗೆ ಮರಳಲಿಲ್ಲ.

ಎವರೆಟ್‌ಗೆ ಅವಳು ಪ್ರತಿ ಕ್ರಿಸ್‌ಮಸ್‌ಗೆ ಪತ್ರ ಬರೆದಳು. ಉತ್ತರ ಬರಲಿಲ್ಲ. ನಾಲ್ಕನೆಯ ವರ್ಷ ಅವನ ಮಗಳಿಂದ ಒಂದು ಕಾರ್ಡು ಬಂತು: ಅಪ್ಪ ಅಕ್ಟೋಬರಿನಲ್ಲಿ ತೀರಿಕೊಂಡರು. ಅಷ್ಟೇ. ಎವರೆಟ್ ಒಡೀಲಿಯಾಳನ್ನು ಕ್ಷಮಿಸಿದ್ದನೇ ಎಂಬುದು ಅದರಲ್ಲಿರಲಿಲ್ಲ. ಅವಳು ಕಾರ್ಡನ್ನು ಎರಡು ಸಲ ತಿರುಗಿಸಿ ನೋಡಿದಳು.

ಭಾನುವಾರ ನಮ್ಮ ಚರ್ಚಿನಲ್ಲಿ ಅವನ ಹೆಸರಲ್ಲಿ ಪೂಜೆ ಹೇಳಿಸಲು ಹೋದಳು. "ಅವರು ನಮ್ಮ ಚರ್ಚಿನವರಲ್ಲ ಅಲ್ವಾ?" ಎಂದರು ಪಾದ್ರಿ.

"ಅಲ್ಲ ಫಾದರ್. ಆದ್ರೂ ಹೆಸರು ಪೂರ್ತಿ ಓದಿ."

ಪೂಜೆಯ ನಡುವೆ ಪಾದ್ರಿ ಲಿಂಡ್‌ಕ್ವಿಸ್ಟ್ ಎಂಬುದನ್ನು ತಪ್ಪಾಗಿ ಓದಿದರು. ನನ್ನ ಪಕ್ಕದಲ್ಲಿ ಮೊಣಕಾಲೂರಿದ್ದ ತೀಯಾ ಅದನ್ನು ಪಿಸುದನಿಯಲ್ಲಿ ತಿದ್ದಿ ಹೇಳಿಕೊಂಡಳು.