ತಾಳೆ ನೋಡುವುದು

ನಾನು ನಿಂತಿದ್ದದ್ದು ಸಹಕಾರನಗರದಲ್ಲಿ, ರಂಗನಾಥ ಮೇಷ್ಟ್ರ ಮನೆಯ ಕಾರ್ ಶೆಡ್ಡಿನ ಬಾಗಿಲಲ್ಲಿ. 2013ರ ಫೆಬ್ರವರಿಯ ಒಂದು ಶನಿವಾರ, ಸಂಜೆ ಆರರ ಸುಮಾರಿಗೆ. ಎಂದೂ ಕಾರು ಕಾಣದ ಆ ಶೆಡ್ಡಿನಲ್ಲಿ ಒಂದು ಕರಿಹಲಗೆ, ಕೆಲವು ಬೆಂಚು, ಹತ್ತನೇ ತರಗತಿಯ ಮಕ್ಕಳು. ಮಗಳು ಸುಮಳನ್ನು ಟ್ಯೂಷನ್ನಿನಿಂದ ಕರೆತರಲು ನಾನು ಬೇಕೆಂದೇ ಬೇಗ ಹೋಗುತ್ತಿದ್ದೆ. ನನಗೆ ಲೆಕ್ಕ ಬರುವುದಿಲ್ಲ. x ಹುಡುಕಲು ಕೂತರೆ ಮೊದಲು ಕನ್ನಡಕ ಹುಡುಕಬೇಕಾಗುತ್ತದೆ. ಆದರೆ ಬೇರೆಯವರು ಹುಡುಕುವುದನ್ನು ನೋಡುವುದು ಹಿತ. ನಮ್ಮ ಹಳಬರು ಗೊತ್ತಿಲ್ಲದ ಸಂಖ್ಯೆಗಳನ್ನು ಬಣ್ಣಗಳ ಹೆಸರಿನಿಂದ ಕರೆಯುತ್ತಿದ್ದರೆಂದು ಮೇಷ್ಟ್ರೇ ಹೇಳಿದ್ದರು: ಒಂದು ಕಪ್ಪು, ಇನ್ನೊಂದು ನೀಲಿ. ಅಂದಿನಿಂದ ನನಗೆ x ಮೇಲೆ ಸ್ವಲ್ಪ ಮಮತೆ.

ಉತ್ತರ ಬಂದ ಮಾತ್ರಕ್ಕೆ ಅದರ ಸುತ್ತ ಚೌಕ ಹಾಕಲು ಮೇಷ್ಟ್ರು ಬಿಡುತ್ತಿರಲಿಲ್ಲ. ಅದನ್ನು ಮೊದಲಿನ ಸಮೀಕರಣದಲ್ಲಿಟ್ಟು ತಾಳೆ ನೋಡಬೇಕು. ಪಿಯುಸಿಯವರು ಸಮಾಕಲನ, ಅಂದರೆ ಇಂಟಿಗ್ರೇಷನ್, ಮಾಡಿದರೂ ಅಷ್ಟೇ. ಬಂದದ್ದನ್ನು ಅವಕಲನ ಮಾಡಿ, ಹೊರಟ ಜಾಗಕ್ಕೆ ಮರಳಿದ್ದನ್ನು ತೋರಿಸಬೇಕು. "ನನ್ ಮಾತು ನಂಬ್ಬೇಡ್ರೋ, ಇಟ್ಟು ನೋಡಿ" ಎನ್ನುತ್ತಿದ್ದರು.

ಅಂದಿನ ಲೆಕ್ಕ ತೀರ ಸಾಮಾನ್ಯದ್ದು: x² − 7x + 12 = 0. (x − 3)(x − 4) ಎಂದು ಸರಿಯಾಗಿಯೇ ಬಿಡಿಸಿದರು. ಆಮೇಲೆ ಚಿಹ್ನೆ ತಪ್ಪಿ, ಉತ್ತರ −3, −4 ಎಂದು ಬರೆದರು. ತಾಳೆಗೆ −3 ಇಟ್ಟರು. ಸೊನ್ನೆ ಬರಬೇಕಾದಲ್ಲಿ ನಲವತ್ತೆರಡು ಬಂತು. ಅಳಿಸಿ ಮತ್ತೆ ಇಟ್ಟರು. ಮತ್ತೆ ನಲವತ್ತೆರಡು. ತನ್ನದೇ ಮನೆಯ ಬೀಗಕ್ಕೆ ತನ್ನದೇ ಕೀಲಿ ಹೊಂದದವನ ಹಾಗೆ ಹಲಗೆಯ ಮುಂದೆ ನಿಂತರು. ಈಚೆಗೆ ನನ್ನ ಹೆಸರನ್ನೂ ಮರೆಯುತ್ತಿದ್ದರು; ವಯಸ್ಸು ಎಂದುಕೊಂಡಿದ್ದೆ.

"ಸರಿ ಇದೆ ಸರ್, ತಾಳೆ ಆಯ್ತು" ಎಂದ ಹಿಂದಿನ ಬೆಂಚಿನ ಇಮ್ರಾನ್. ಮೇಷ್ಟ್ರ ತಪ್ಪು ಸಿಕ್ಕರೆ ಕುಣಿಯುತ್ತಿದ್ದ ಹುಡುಗ.

"ಹೌದು ಸರ್, ಚೌಕ ಹಾಕಿ" ಎಂದಳು ಸುಮ. ಉಳಿದವರೂ ತಲೆಯಾಡಿಸಿದರು.

ಮೇಷ್ಟ್ರು ತಿರುಗಿ ಒಬ್ಬೊಬ್ಬರ ಮುಖ ನೋಡಿದರು. "ನಲವತ್ತೆರಡನ್ನ ಸೊನ್ನೆ ಅಂತ ಒಪ್ಕೊಂಡ್ಬಿಟ್ರೇನ್ರೋ?" ದನಿಯಲ್ಲಿ ಸಿಟ್ಟಿರಲಿಲ್ಲ. ಸೀಮೆಸುಣ್ಣವನ್ನು ಇಮ್ರಾನನ ಕೈಗೆ ಕೊಟ್ಟು, "ನೀನ್ ಮುಗ್ಸಪ್ಪ" ಎಂದು ಅವನ ಜಾಗದಲ್ಲಿ ಕುಳಿತರು. ಅವನು 3, 4 ಎಂದು ಬರೆದು, ಇಟ್ಟು ನೋಡಿ, ಚೌಕ ಹಾಕಿದ. ಗೆರೆ ಸೊಟ್ಟಗಿತ್ತು.

ಸೋಮವಾರ ಶೆಡ್ಡಿಗೆ ಬೀಗ. ಪರೀಕ್ಷೆ ಹತ್ತಿರ ಬಂತು, ಮಕ್ಕಳನ್ನು ಬೇರೆ ಕಡೆ ಸೇರಿಸಿ ಎಂದು ಎಲ್ಲರ ಮನೆಗೂ ಮೇಷ್ಟ್ರೇ ಫೋನ್ ಮಾಡಿದರು. ನಾನು ಏನೋ ಸಮಾಧಾನ ಹೇಳಹೊರಟೆ. "ನಲವತ್ತೆರಡು ಬಂತಲ್ರೀ, ನೀವೂ ನೋಡಿದ್ರಿ" ಎಂದರು.

ಸೀಮೆಸುಣ್ಣ ಕೊಡುವಾಗ ಅವರು ನಕ್ಕರೆಂದು ನನ್ನ ನೆನಪು. "ನಗ್ಲಿಲ್ಲ ಅಪ್ಪ" ಎನ್ನುತ್ತಾಳೆ ಸುಮ. ಇಮ್ರಾನನನ್ನು ಕೇಳಿದೆ, ಅವನೂ ಇಲ್ಲವೆಂದ. ಹಾಗಾಗಿ ಮೇಲೆ ನಗುವನ್ನು ಬರೆದಿಲ್ಲ.

ಮೇಷ್ಟ್ರು ಈಗಿಲ್ಲ. ಅಂದು ಕಂಡವರಲ್ಲಿ ಸುಮ ಇದ್ದಾಳೆ, ಆರ್.ಟಿ. ನಗರದಲ್ಲಿ ಇಮ್ರಾನ್ ಇದ್ದಾನೆ. ನನ್ನ ಮಾತು ನಂಬಬೇಡಿ. ಅವರನ್ನು ಕೇಳಿ ನೋಡಿ.