ರುಕ್ಮವ್ವ ಡೇರೆಗೆ ಜಾಗ ನೋಡಿದ್ದು

ಕೆಲಸಕ್ಕೆ ಸೇರುವಾಗ ತುಂಬಿದ ಅರ್ಜಿಯಲ್ಲಿ 'ಹವ್ಯಾಸ' ಎಂಬ ಗೆರೆ ಖಾಲಿ ಉಳಿದಿತ್ತು. ಖಾಲಿ ಬಿಟ್ಟರೆ ಸೋಮಾರಿ ಅಂದುಕೊಂಡಾರು ಎಂದು ವೀರೇಶ ಅಲ್ಲಿ 'ಕ್ಯಾಂಪಿಂಗ್' ಎಂದು ಬರೆದ. ಪೂರ್ತಿ ಸುಳ್ಳೇನಲ್ಲ. ಹುಟ್ಟಿದಾಗಿನಿಂದ ಹದಿಮೂರು ವರ್ಷ ಅವನು ಮಲಗಿದ್ದು ಟಾರ್ಪಾಲಿನ ಕೆಳಗೇ. ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಅವನ ಅಪ್ಪ ಅವ್ವ, ಕಟ್ಟಡ ಏಳುವ ಕಡೆ ಜೋಪಡಿ ಹಾಕಿ, ಕಟ್ಟಡ ಎದ್ದ ಮೇಲೆ ಕಿತ್ತುಕೊಂಡು, ಹೀಗೇ ವೈಟ್‌ಫೀಲ್ಡಿನಿಂದ ಹೊಸೂರು ರಸ್ತೆಯವರೆಗೆ ಸರಿದು ಬಂದವರು. ಆದರೆ ಅರ್ಜಿ ಓದಿದ ಟೀಮ್ ಲೀಡರ್ ಮುರಳಿಯ ಕಣ್ಣಿಗೆ ಕಂಡದ್ದು ಬೆಟ್ಟ, ಬೆನ್ನಚೀಲ, ಬೆಂಕಿಯ ಸುತ್ತ ಗಿಟಾರು. ವೀರೇಶ ತಿದ್ದಲಿಲ್ಲ. ತಿದ್ದುವುದು ಅವನ ಉದ್ಯೋಗ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ದಿನಕ್ಕೆ ಎಂಟು ತಾಸು ಭೂತಗನ್ನಡಿ ಹಿಡಿದು ಸರ್ಕಿಟ್ ಬೋರ್ಡುಗಳ ಬೆಸುಗೆಯಲ್ಲಿ ತಪ್ಪು ಹುಡುಕಿ ತಿದ್ದುತ್ತಾನೆ. ತನ್ನ ತಪ್ಪಿಗೆ ಮಾತ್ರ ಆ ಗಾಜು ಹಿಡಿದವನಲ್ಲ.

ಎರಡು ವರ್ಷದ ನಂತರ ಫಲ ಸಿಕ್ಕಿತು.

"ಈ ಸಲ ರೆಸಾರ್ಟ್ ಗಿಸಾರ್ಟ್ ಬೇಡ ಗುರು, ಟೆಂಟ್ ಸ್ಟೇ," ಎಂದ ಮುರಳಿ. "ನಮ್ ಟೀಮಲ್ಲೇ ಎಕ್ಸ್‌ಪರ್ಟ್ ಇದಾನೆ. ಎಂಟು ಜನ, ಮುಂದಿನ ಶನಿವಾರ. ಜಾಗ ನೋಡಿ ಭಾನುವಾರದೊಳಗೆ ಫೈನಲ್ ಮಾಡ್ಬಿಡು."

ವೀರೇಶ ಮೊಬೈಲಿನಲ್ಲಿ ಹುಡುಕಿದ. ಬೆಂಗಳೂರಿನ ಸುತ್ತ ಇರುವ ಕ್ಯಾಂಪುಗಳೆಲ್ಲ ಫೋಟೋದಲ್ಲಿ ಒಂದೇ ತಾಯಿಯ ಮಕ್ಕಳು: ಒಂದು ಕೆರೆ, ಒಂದು ಸೂರ್ಯಾಸ್ತ, ಬಣ್ಣದ ಬಲ್ಬಿನ ಸರ. ಒಂದರಲ್ಲಿ ಹತ್ತು ಡೇರೆಗೆ ಒಂದೇ ಶೌಚಾಲಯ. ಇನ್ನೊಂದರ ಕೆಳಗೆ ಯಾರೋ ಬರೆದಿದ್ದರು: 'ಮಲಗಿದ್ದು ಟೆಂಟಿನಲ್ಲಿ, ಎದ್ದದ್ದು ಕೊಳದಲ್ಲಿ.' ಅದನ್ನು ಓದಿದ ಮೇಲೆ ಅವನು ಹುಡುಕುವುದು ನಿಲ್ಲಿಸಿದ. ಅಕ್ಟೋಬರ್ ತಿಂಗಳು, ಸಂಜೆ ಸಂಜೆಗೂ ಮಳೆ. ಹದಿಮೂರು ವರ್ಷ ಡೇರೆಯಲ್ಲಿ ಇದ್ದವನಿಗೆ ಡೇರೆ ಎಲ್ಲಿ ಹಾಕಬೇಕು ಎಂಬುದೇ ಗೊತ್ತಿರಲಿಲ್ಲ. ಹಾಕುತ್ತಿದ್ದವಳು ಅವ್ವ.

ಅವ್ವ ಎಂದರೆ ರುಕ್ಮವ್ವ. ಈಗ ಸಿಂಗಸಂದ್ರದಲ್ಲಿ ಮಗ ಹಿಡಿದ ಮೊದಲ ಮಹಡಿಯ ಮನೆಯಲ್ಲಿದ್ದಾಳೆ. ಮಂಡಿ ಸವೆದು ಇಟ್ಟಿಗೆ ಹೊರುವುದು ಬಿಟ್ಟು ಮೂರು ವರ್ಷ. ಮಗ ವಿಷಯ ಹೇಳಿದಾಗ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಜೋಪಡಿಯಾಗ ಮಲಗಾಕ ಮಂದಿ ಕಾರ್ ಮಾಡ್ಕೊಂಡು ಹೊಕ್ಕಾರೇನೋ ತಮ್ಮಾ?"

"ಹೂಂನಬೇ. ಶೋಕಿಗೆ."

"ನಮ್ಗ ಯಾರೂ ಹೇಳಲಿಲ್ಲ ನೋಡು ಅದು ಶೋಕಿ ಅಂತ." ರೊಟ್ಟಿ ಮತ್ತೆ ತಿರುಗತೊಡಗಿತು. "ನೀನೂ ಎಂಥಾ ಶೋಕಿಲಾಲನೋ. ಅರ್ಜ್ಯಾಗ ಬರಿಯಾಕ ಬ್ಯಾರೆ ಏನೂ ಸಿಗಲಿಲ್ಲ ನಿನಗ?"

"ನೀ ಬಂದು ಜಾಗ ನೋಡಬೇ."

"ನಾ ಒಲ್ಲೆ."

ಆ ಒಲ್ಲೆಗೆ ಕಾರಣ ಅವನಿಗೆ ಗೊತ್ತಿತ್ತು. ಅವನಿಗೆ ಆರು ವರ್ಷವಿದ್ದಾಗ, ಅಪ್ಪ ಸ್ಲ್ಯಾಬ್ ಹಾಕುವ ಕೆಲಸಕ್ಕೆ ಹೋಗಿದ್ದ ಒಂದು ರಾತ್ರಿ, ಜೋಪಡಿಗೆ ನೀರು ನುಗ್ಗಿತ್ತು. ಜಾಗ ತೋರಿಸಿದವನು ಮೇಸ್ತ್ರಿ. ಅವ್ವ ತಗ್ಗು ಬೇಡ ಅಂದರೂ ಕೇಳಿರಲಿಲ್ಲ. ಅವಳು ಮಗನನ್ನು ಹೆಗಲಿಗೆ ಹಾಕಿಕೊಂಡು ಇಟ್ಟಿಗೆ ರಾಶಿ ಹತ್ತಿ ಬೆಳಗಿನವರೆಗೆ ನಿಂತಿದ್ದಳು. ಅವನು ಹೆಗಲ ಮೇಲೆ ಗೊರಕೆ ಹೊಡೆದಿದ್ದನಂತೆ. ಅಂದಿನಿಂದ ಮಳೆ ಬಂತೆಂದರೆ ರುಕ್ಮವ್ವ ಮಲಗುವುದಿಲ್ಲ. ಮೊದಲ ಮಹಡಿಯ ಕಾಂಕ್ರೀಟ್ ಮನೆಯಲ್ಲೂ ಗೋಡೆಗೆ ಒರಗಿ, ಸೆರಗು ಬಿಗಿದು, ಮಳೆ ನಿಲ್ಲುವ ತನಕ ಕೂತಿರುತ್ತಾಳೆ. ಡಾಕ್ಟರು ಕೊಟ್ಟ ಗುಳಿಗೆಗೂ ಅವಳು ಜಗ್ಗಿದವಳಲ್ಲ. ಅಂಥವಳನ್ನು ತನ್ನ ಡೌಲು ಉಳಿಸಿಕೊಳ್ಳಲು ಮಳೆಗಾಲದಲ್ಲಿ ಡೇರೆಯ ಹತ್ತಿರ ಕರೆಯುತ್ತಿದ್ದೇನೆ ಎಂಬುದು ಹೊಳೆದು ವೀರೇಶ ತಟ್ಟೆ ಎಳೆದುಕೊಂಡು ಕೂತ.

ರೊಟ್ಟಿ ಕೊಡುವಾಗ ಅವಳೇ ಕೇಳಿದಳು. "ಎಷ್ಟ ಮಂದಿ ಹುಡುಗೂರು?"

"ಎಂಟು. ಅದರಾಗ ಮೂರು ಮಂದಿ ಹುಡುಗೇರು."

"ತಗ್ಗಿನ್ಯಾಗ ಮಲಗಿಸಿಬಿಡ್ತೀ ನೀ. ನಡಿ, ನೋಡಿ ಬರೂಣು. ಆದ್ರ ಡೇರೆದೊಳಗ ನಾ ಕಾಲಿಡಂಗಿಲ್ಲ, ಈಗ ಹೇಳೀನಿ."

ಭಾನುವಾರ ಮಧ್ಯಾಹ್ನ ಇಬ್ಬರೂ ಬೈಕಿನಲ್ಲಿ ಆನೇಕಲ್ ದಾಟಿ ಮುನಿಯಣ್ಣನ ಹೊಲಕ್ಕೆ ಹೋದರು. ಸುತ್ತಲಿನ ಜಮೀನೆಲ್ಲ ಲೇಔಟ್ ಆಗಿ, ಉಳಿದ ಎರಡೆಕರೆಯಲ್ಲಿ ಮುನಿಯಣ್ಣ ಕ್ಯಾಂಪು ಮಾಡಿದ್ದ.

"ಮೊದ್ಲು ರಾಗಿ ಬೆಳೀತಿದ್ವಿ ಕಣಪ್ಪ, ಈಗ ಟೆಂಟ್ ಬೆಳೀತೀವಿ. ಕಳೆ ಕೀಳೋ ಕಾಟ ಇಲ್ಲ," ಎಂದು ಕೆಳಗೆ ಕುಂಟೆಯ, ಅಂದರೆ ಪುಟ್ಟ ಕೆರೆಯ, ದಂಡೆ ತೋರಿಸಿದ. ಅಲ್ಲಿ ಹುಲ್ಲು ಹಸಿರು, ಮರದಿಂದ ಮರಕ್ಕೆ ಬಲ್ಬಿನ ಸರ. ಬೇರೆ ಯಾವುದೋ ಗುಂಪಿನ ಹತ್ತು ಹುಡುಗರು ಆಗಲೇ ಬಂದು ಚೀಲ ಇಳಿಸಿದ್ದರು. ವೀರೇಶ ಎರಡು ಫೋಟೋ ತೆಗೆದು ಮುರಳಿಗೆ ಕಳಿಸಿಯೂ ಆಯಿತು.

ರುಕ್ಮವ್ವ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಆ ಹುಲ್ಲಿನ ಮೇಲೆ ನಡೆದಳು. ಹಿಮ್ಮಡಿಯಿಂದ ಒಮ್ಮೆ ಒತ್ತಿದಳು.

"ಯಣ್ಣಾ, ಇಲ್ಲಿ ಹಳ್ಳ ಇತ್ತಲ್ಲ?"

ಮುನಿಯಣ್ಣ ಅವಳನ್ನು ನೋಡಿದ. "ನಮ್ಮಪ್ಪನ ಕಾಲ್ದಾಗಿತ್ತು ಕಣವ್ವ. ಮುಚ್ಚಿ ಮೂವತ್ತು ವರ್ಸ ಆತು. ನಿಂಗೆಂಗೆ ಗೊತ್ತಾತು?"

"ನೀ ಮುಚ್ಚೀದಿ ಖರೆ. ನೀರಿಗೆ ಯಾರು ಹೇಳ್ಯಾರ?"

ಅವಳು ಹೊಲವೆಲ್ಲ ಸುತ್ತಿ, ಇರುವೆಗೂಡು ನೋಡಿ, ಒಣ ರೆಂಬೆ ಜೋತುಬಿದ್ದ ನೀಲಗಿರಿ ಮರಕ್ಕೆ ಬೆನ್ನು ತಿರುಗಿಸಿ, ಕೊನೆಗೆ ದನದ ಕೊಟ್ಟಿಗೆಯ ಪಕ್ಕದ ಕಲ್ಲುದಿನ್ನೆಯ ಮೇಲೆ ನಿಂತಳು. ಶೌಚಾಲಯ ಇಪ್ಪತ್ತು ಹೆಜ್ಜೆ. "ಇಲ್ಲಿ," ಎಂದಳು.

"ಅಲ್ಲಿ ಯಾರೂ ಕೇಳಲ್ಲವ್ವ. ಫೋಟೋದಾಗೆ ಸಗಣಿ ಬತ್ತದೆ," ಎಂದ ಮುನಿಯಣ್ಣ.

"ಫೋಟೋದಾಗ ಮಲಗತಾರೇನು?"

ಮುನಿಯಣ್ಣ ನಕ್ಕು, ಒಂದು ಡೇರೆಯ ಗಂಟು ತಂದುಕೊಟ್ಟು, ಟೀ ಕಾಯಿಸಲು ಹೋದ. ಮುಂದೆ ಒಂದು ತಾಸು ವೀರೇಶನಿಗೆ ಪರೀಕ್ಷೆ. ಡೇರೆಯ ಬಾಗಿಲು ಪಡುವಣಕ್ಕೆ, ಏಕೆಂದರೆ ಈ ತಿಂಗಳ ಮಳೆ ಮೂಡಲಿಂದ ಹೊಡೆಯುತ್ತದೆ. ಕೆಳಗೆ ಹಾಸುವ ಟಾರ್ಪಾಲು ಡೇರೆಗಿಂತ ನಾಲ್ಕು ಬೆರಳು ಒಳಗೇ ಇರಬೇಕು, ಹೊರಗೆ ಇಣುಕಿದರೆ ನೀರನ್ನು ಅದೇ ಒಳಗೆ ಕರೆಯುತ್ತದೆ. ಸುತ್ತ ಒಂದು ಗೇಣು ಆಳದ ಕಾಲುವೆ. ಗುದ್ದಲಿ ಹಿಡಿದ ಹತ್ತು ನಿಮಿಷಕ್ಕೆ ಎಕ್ಸ್‌ಪರ್ಟನ ಅಂಗೈಯಲ್ಲಿ ಬೊಬ್ಬೆ ಎದ್ದವು.

"ಗೇಣು ಅಂದ್ರ ನಿನ್ನ ಗೇಣಲ್ಲಲೇ, ನಂದು," ಎಂದಳು ಅವ್ವ, ಕಲ್ಲಿನ ಮೇಲೆ ಕೂತು. ಅವಳ ಕೈ ಅವನ ಕೈಗಿಂತ ದೊಡ್ಡದು. ಅದನ್ನು ಅವನು ಅಂದೇ ಗಮನಿಸಿದ್ದು.

ಕಾಲುವೆ ಮುಗಿಯುವಷ್ಟರಲ್ಲಿ ಮೂಡಲು ಕಪ್ಪಾಗಿ ಮಳೆ ಬಂತು. ಹನಿಯಲ್ಲ, ಒಮ್ಮೆಲೇ ಸುರಿತ. ವೀರೇಶ ಡೇರೆಯೊಳಗೆ ನುಗ್ಗಿದ. ರುಕ್ಮವ್ವ ಕೊಟ್ಟಿಗೆಯ ಸೂರಿನ ಕೆಳಗೆ, ಹಸುವಿನ ಪಕ್ಕ, ಸೆರಗು ಹೊದ್ದು ನಿಂತಳು. ಎರಚಲು ಅವಳ ಸೀರೆಯನ್ನು ಮೊಣಕಾಲವರೆಗೆ ತೋಯಿಸಿತ್ತು.

"ಅವ್ವಾ, ಬಾಬೇ ಒಳಗ."

"ನಾ ಇಲ್ಲೇ ಬರೋಬ್ಬರಿ ಅದೀನಿ."

ಎರಡನೆಯ ಸಲ ಅವನು ಕರೆಯಲಿಲ್ಲ. ಬಾಗಿಲ ಬಳಿ ಕೂತು, ನೀರು ಎಲ್ಲೆಲ್ಲಿ ಹೋಗುತ್ತಿದೆ ಎಂದು ನೋಡಿ ನೋಡಿ ಅವಳಿಗೆ ಕೂಗಿ ಹೇಳತೊಡಗಿದ. ಕಾಲುವೆಗೆ ಬಿತ್ತು. ಮೂಲೆ ತಿರುಗಿತು. ಕಲ್ಲಿನ ಸಂದಿಯಿಂದ ಕೆಳಗಿಳಿಯಿತು. ರುಕ್ಮವ್ವ ಅಷ್ಟೂ ಕೇಳಿಸಿಕೊಂಡಳು. ಆಮೇಲೆ ಕುಂಟುತ್ತ ಬಂದು, ಬಾಗಿಲಲ್ಲಿ ಬಗ್ಗಿ, ಡೇರೆಯ ನೆಲವನ್ನು ಅಂಗೈಯಿಂದ ಸವರಿದಳು. ನಾಲ್ಕೂ ಮೂಲೆ ಮುಟ್ಟಿದಳು. ಎಲ್ಲೂ ತೇವವಿರಲಿಲ್ಲ. ಒಳಗೆ ಬಂದು ಕೂತಳು. ಮೊದಲು ಕಾಲು ಮಡಚಿ, ಆಮೇಲೆ ಚಾಚಿ, ಆಮೇಲೆ ಮೊಣಕೈ ಊರಿ. ಮಳೆ ನೆತ್ತಿಯ ಮೇಲೆಯೇ ಬಡಿಯುತ್ತಿತ್ತು. ಏನೋ ಹೇಳುವಳೇನೋ ಎಂದು ವೀರೇಶ ತಿರುಗಿ ನೋಡಿದರೆ ಅವಳು ಕೈಯನ್ನೇ ದಿಂಬು ಮಾಡಿಕೊಂಡು ನಿದ್ದೆ ಹೋಗಿದ್ದಳು.

ಅವನು ಉಸಿರನ್ನೂ ಮೆಲ್ಲಗೆ ಬಿಟ್ಟ. ಅಷ್ಟರಲ್ಲಿ ಫೋನು ಗುಂಯ್ ಎಂದಿತು. ಮುರಳಿ.

"ಏನ್ ಗುರು, ಲೇಕ್ ವ್ಯೂ ಸಕ್ಕತ್ತಾಗಿದೆ, ಅದೇ ಫೈನಲ್ಲಾ?"

"ಇಲ್ಲ ಸಾರ್. ಕೊಟ್ಟಿಗೆ ಪಕ್ಕದ್ದು."

"ಕೊಟ್ಟಿಗೇನಾ? ಯಾಕೋ ಪಿಸುಗುಟ್ತಾ ಇದೀಯಾ?"

"ನಮ್ಮವ್ವ ಮಲಗಿದಾಳೆ ಸಾರ್. ಜಾಗ ನೋಡಿದ್ದು ಅವಳೇ. ಕಟ್ಟಡದ ಕೆಲಸ ಮಾಡ್ತಿದ್ಲು, ಹೋದ ಕಡೆಯೆಲ್ಲಾ ಜೋಪಡಿ ಹಾಕಿ ನನ್ನ ಸಾಕಿದ್ಲು. ನಂಗೆ ಟೆಂಟ್ ಹಾಕೋಕೆ ಬರಲ್ಲ. ಮಲಗೋಕೆ ಮಾತ್ರ ಬರುತ್ತೆ."

ವೀರೇಶ ತನ್ನ ಕೆಲಸ ಹೋದಂತೆ ಒಮ್ಮೆ ಕಲ್ಪಿಸಿಕೊಂಡ.

"ಸರಿ, ಕೊಟ್ಟಿಗೇನೇ ಫೈನಲ್. ಶನಿವಾರ ಅಮ್ಮನ್ನೂ ಬರೋಕೆ ಹೇಳು," ಎಂದ ಮುರಳಿ, ಅವನೂ ಈಗ ಪಿಸುಗುಟ್ಟುತ್ತ. "ಈಗ ಇಡು ಫೋನು, ಎದ್ದುಬಿಟ್ಟಾರು."

ಕೆಳಗಿನ ಶೆಡ್ಡಿನಲ್ಲಿ, ದಂಡೆಯಿಂದ ಓಡಿ ಬಂದ ಹುಡುಗರು ಸ್ಪೀಕರ್ ಹಚ್ಚಿ ಕುಣಿಯುತ್ತಿದ್ದರು. ಕೊಡೆ ಹಿಡಿದು ಎರಡು ಲೋಟ ಟೀ ತಂದ ಮುನಿಯಣ್ಣ ಬಾಗಿಲಲ್ಲಿ ಬಗ್ಗಿ ಒಳಗೆ ನೋಡಿದ. ಒಂದು ಲೋಟವನ್ನು ವೀರೇಶನ ಕೈಗೆ ಕೊಟ್ಟ. ಇನ್ನೊಂದನ್ನು ಅಲ್ಲೇ ನಿಂತು ತಾನೇ ಕುಡಿದು ಮುಗಿಸಿದ. ದಿನ್ನೆ ಇಳಿದು ಶೆಡ್ಡಿನ ಕಡೆ ಹೋದ. ಸ್ವಲ್ಪ ಹೊತ್ತಿಗೆ ಕೆಳಗೆ ಹಾಡು ನಿಂತಿತು.